ಗರ್ಭಿಣಿಯರು ಸಂಶೋಧನೆಗೆ ಸೇರಬಹುದೇ? ಅನುಭವವಿದ್ದವರು ತಿಳಿಸಿ

ನನಗೀಗ ನಾಲ್ಕು ತಿಂಗಳು. ತಪಾಸಣೆಗೆ ಹೋಗುವ ಆಸ್ಪತ್ರೆಯಲ್ಲಿ ರಕ್ತಹೀನತೆಯ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿ, ಮಾಹಿತಿ ಪತ್ರ ಕೊಟ್ಟಿದ್ದಾರೆ. ‘ಬಸುರಿಯ ಮೇಲೆ ಎಂಥ ಪ್ರಯೋಗ?’ ಎಂದು ಅತ್ತೆಯವರು ಗಾಬರಿಯಾಗಿದ್ದಾರೆ. ಏನು ಮಾಡಲಿ?

ಕ್ಷೇತ್ರ ಕಾರ್ಯಕರ್ತೆ, ಬೆಳಗಾವಿ
ತಂಗಿ, ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಪತ್ರ ಓದಿ. ಯಾವ ಚಿಕಿತ್ಸೆಯನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ ಎಂಬುದನ್ನು ಮೊದಲು ಹುಡುಕಿ. ಅದು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಬೆಂಗಳೂರಿನಲ್ಲಿ 11,000 ಚೊಚ್ಚಲ ಗರ್ಭಿಣಿಯರು ಭಾಗವಹಿಸಿದ್ದ ಕ್ಯಾಲ್ಸಿಯಂ ಅಧ್ಯಯನವನ್ನೇ ನೋಡಿ. ಕ್ಯಾಲ್ಸಿಯಂ ಇಲ್ಲದೆ ಯಾರನ್ನೂ ಬಿಟ್ಟಿರಲಿಲ್ಲ. ಒಂದು ಗುಂಪಿಗೆ ದಿನಕ್ಕೆ 500 ಮಿಲಿಗ್ರಾಂ, ಇನ್ನೊಂದಕ್ಕೆ 1500. ನಂಜು ಏರುವುದನ್ನು, ಅಂದರೆ ಬಸಿರಿನಲ್ಲಿ ಬಿಪಿ ಹೆಚ್ಚುವ ಪ್ರಿಎಕ್ಲಾಂಪ್ಸಿಯಾವನ್ನು, ತಡೆಯುವುದರಲ್ಲಿ ಕಡಿಮೆ ಪ್ರಮಾಣವೇನೂ ಹಿಂದೆ ಬೀಳಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಮಾತ್ರೆ ನುಂಗುವ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತು.

ನಮ್ಮ ಜಿಲ್ಲೆಯದು ಇನ್ನೂ ಹಳೆಯ ಮಾತು. ಇಲ್ಲಿನ ಹಳ್ಳಿಗಳಲ್ಲಿ 1,620 ಬಾಣಂತಿಯರು ಪಾಲ್ಗೊಂಡ ಅಧ್ಯಯನದಲ್ಲಿ, ಹೆರಿಗೆಯಾದ ಕೂಡಲೇ ಎಎನ್‌ಎಂ ಸಹೋದರಿಯರು, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರು, ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಅಲ್ಲಿ ಅರ್ಧದಷ್ಟು ಮಂದಿಗೆ ಔಷಧವಿಲ್ಲದ ಮಾತ್ರೆ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು. ಅದಕ್ಕೇ ಹೋಲಿಕೆ ಯಾವುದೆಂದು ಕೇಳಿ ಎನ್ನುತ್ತಿದ್ದೇನೆ. 2006ರಲ್ಲಿ ಪ್ರಕಟವಾದ ಆ ಫಲಿತಾಂಶದ ಹಿಂದೆ ನಮ್ಮೂರ ಹೆಣ್ಣುಮಕ್ಕಳಿದ್ದಾರೆ ಎಂಬುದು ನನಗೆ ದೊಡ್ಡ ಹೆಮ್ಮೆ.

ಆದರೆ ಒಪ್ಪಿಗೆ ನಿಮ್ಮದು; ಗಂಡ, ಅತ್ತೆ, ವೈದ್ಯರು ಯಾರೂ ನಿಮ್ಮ ಪರವಾಗಿ ಸಹಿ ಹಾಕುವಂತಿಲ್ಲ. ಪತ್ರ ಕನ್ನಡದಲ್ಲಿರಲಿ, ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯ ದೂರವಾಣಿ ಸಂಖ್ಯೆ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಅದರಲ್ಲಿ ಇದೆಯೇ ನೋಡಿ. ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿಯ, ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಚಿಕಿತ್ಸೆಯನ್ನು ಪರೀಕ್ಷಿಸುವ ಅಧ್ಯಯನವಾದರೆ ಅದು ಇರಲೇಬೇಕು. ‘ಈಗಲೇ ಸಹಿ ಹಾಕಿ’ ಎಂದು ಅವಸರಪಡಿಸಿದರೆ ಎದ್ದು ಬನ್ನಿ.

ಎರಡು ಮಕ್ಕಳ ತಾಯಿ, ತುಮಕೂರು
ನಾನು ಕಬ್ಬಿಣಾಂಶದ ಅಧ್ಯಯನದಲ್ಲಿದ್ದೆ. ಪ್ರತಿ ಭೇಟಿಗೂ ಮಾತ್ರೆ ಡಬ್ಬಿ ಒಯ್ಯಬೇಕಿತ್ತು. ನರ್ಸ್ ಸಹೋದರಿ ಉಳಿದ ಮಾತ್ರೆಗಳನ್ನು ಸ್ಟೀಲ್ ತಟ್ಟೆಗೆ ಸುರಿದು, ಎರಡೆರಡಾಗಿ ಸರಿಸಿ ಎಣಿಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದವರೊಬ್ಬರು ಬೈಗುಳಕ್ಕೆ ಹೆದರಿ, ಉಳಿದದ್ದನ್ನು ಮನೆಯಲ್ಲೇ ಎಸೆದು ಬರುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ವಾಕರಿಕೆ ಬಂದು ಬಿಟ್ಟೆ ಎಂದರೆ ಅದೇ ಅವರಿಗೆ ಬೇಕಾದ ಮಾಹಿತಿ. ಮಾತ್ರೆಯನ್ನು ಕಾಫಿ, ಟೀ ಜೊತೆ ತೆಗೆದುಕೊಳ್ಳಬೇಡಿ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ ಎಂದು ಆ ಸಹೋದರಿ ಬಿಡಿಸಿ ಹೇಳಿದ್ದು ಅಲ್ಲೇ. ರಕ್ತ ಕೊಡುವುದು ಮಾತ್ರ ಬೇಸರದ ಕೆಲಸ. ಎಷ್ಟು ಸಲ ತೆಗೆಯುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಸ್ಟಾಫ್ ನರ್ಸ್, ಮಂಡ್ಯ
‘ರಾಗಿ ಮುದ್ದೆ ತಿನ್ನುತ್ತೇವಲ್ಲ, ಮಾತ್ರೆ ಏಕೆ?’ ಎಂದು ಇಲ್ಲಿ ದಿನವೂ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ದೇಹ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮುದ್ದೆಯೂ ಇರಲಿ, ವೈದ್ಯರು ಬರೆದ ಮಾತ್ರೆಯೂ ಇರಲಿ.

ಇನ್ನೊಂದು ಮಾತು. ಬಸಿರಿನಲ್ಲಿ ನಂಜು ಏರಿದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಅಧ್ಯಯನಕ್ಕೆ ಸೇರಿ, ಬಿಡಿ. ತಾಯಿ ಕಾರ್ಡಿನಲ್ಲಿ ಬರೆದ ಬಿಪಿ ಅಂಕಿಗಳನ್ನು ಹೆರಿಗೆಯಾದ ಮೇಲೂ ಜೋಪಾನವಾಗಿಡಿ, ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಿ.