ಪದಚರ್ಚೆ: ಮಷಿನ್ ಹಿಂಡಿ ಬಿಟ್ಟ ಕಾಫಿಪುಡಿಗೆ ಏನಂತೀರಿ? ಗಸಿಯೋ, ಚರಟವೋ, ಹಿಂಡಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ನಾಲ್ಕೈದು ಬೇಕಾಗಿವೆ. ಹಿನ್ನೆಲೆ ಸ್ವಲ್ಪ ಉದ್ದ ಇದೆ, ಲೋಟ ಪಕ್ಕದಲ್ಲಿಟ್ಟುಕೊಂಡೇ ಓದಿ.

ನಾನೂ ನನ್ನ ತಂಗಿಯೂ ದುಡ್ಡು ಸೇರಿಸಿ ಮನೆಗೆ ಒಂದು ಎಸ್ಪ್ರೆಸೋ ಮಷಿನ್ ತರೋಣ ಅಂತ ಹೊರಟಿದ್ದೇವೆ. ಬೀಜ ಸುರಿದು ಬಟನ್ ಒತ್ತಿದರೆ ತಾನೇ ಪುಡಿ ಮಾಡಿಕೊಂಡು, ತಾನೇ ಕಾಫಿ ತೆಗೆದು, ಹಾಲನ್ನೂ ನೊರೆ ಮಾಡಿ ಲೋಟಕ್ಕೆ ಬಿಡುವಂಥದ್ದು. ನೋಡಿ ನೋಡಿ ಕೊನೆಗೆ ಎರಡರ ಹತ್ತಿರ ಬಂದು ನಿಂತಿದ್ದೇವೆ. ಒಂದು ಸ್ವಿಟ್ಜರ್ಲೆಂಡಿನ ಜುರಾ ಇ8, ಇನ್ನೊಂದು ಇಟಲಿಯ ಡೆಲೋಂಗಿ ಎಲೆಟ್ಟಾ ಎಕ್ಸ್‌ಪ್ಲೋರ್. ಲಕ್ಷದ ಲೆಕ್ಕದ ಮಾತು, ಹಾಗಾಗಿ ಅಮ್ಮ ಒಪ್ಪದೆ ಅದು ಅಡುಗೆಮನೆ ಹೊಸ್ತಿಲು ದಾಟುವ ಹಾಗಿಲ್ಲ. ಅಮ್ಮ ಹೇಳಿದ್ದು ಇಷ್ಟೇ: "ಎರಡಕ್ಕೂ ಏನು ವ್ಯತ್ಯಾಸ ಅಂತ ಕನ್ನಡದಲ್ಲಿ ಒಂದು ಹಾಳೇಲಿ ಬರೆದುಕೊಡು. ಓದಿ ಹೇಳ್ತೀನಿ." ಸುಲಭದ ಕೆಲಸ ಅಂತ ಭಾನುವಾರ ಬೆಳಿಗ್ಗೆ ಬರೆಯೋಕೆ ಕೂತೆ. ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ.

ಎಸ್ಪ್ರೆಸೋ ಅಂದರೆ "ಒಂದು ಥರದ ಗಟ್ಟಿ ಡಿಕಾಕ್ಷನ್" ಅಂತ ಬರೆದಿದ್ದೆ. ಅಮ್ಮ ಕೇಳಿದರು, "ಎಷ್ಟು ಹೊತ್ತಿಗೆ ಇಳಿಯತ್ತೆ?" ಅರ್ಧ ನಿಮಿಷ ಅಂದೆ. "ಅರ್ಧ ನಿಮಿಷಕ್ಕೆ ಇಳಿದರೆ ಅದು ಬಣ್ಣದ ನೀರು ಕಣೋ, ಡಿಕಾಕ್ಷನ್ ಅಲ್ಲ."

ನಕ್ಕುಬಿಟ್ಟೆ. ಆಮೇಲೆ ಯೋಚನೆ ಮಾಡಿದರೆ ಅವರ ಮಾತೇ ಸರಿ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಪುಡಿಯೊಳಗಿಂದ ತೊಟ್ಟುತೊಟ್ಟಾಗಿ ಬರುತ್ತೆ. ಬೇಗ ಬಂತು ಅಂದರೆ ಪುಡಿ ತರಿಯಾಯಿತು, ಇಲ್ಲಾ ಸರಿಯಾಗಿ ಅದುಮಿಲ್ಲ, ಕಾಫಿ ತೆಳು. ಅದಕ್ಕೇ ನಾವು "ಡಿಕಾಕ್ಷನ್ ಹಾಕಿದೆ, ಇನ್ನೂ ಇಳಿದಿಲ್ಲ" ಅಂತೀವಿ. "ಇಳಿ" ಅನ್ನೋ ಕ್ರಿಯಾಪದದಲ್ಲೇ ನಿಧಾನ ಇದೆ. ಮಷಿನ್ ಮಾಡೋದು ಬೇರೆಯೇ ಕೆಲಸ. ನುಣ್ಣನೆಯ ಪುಡಿಯನ್ನು ಒತ್ತಿ ಹಿಡಿದು, 90ರಿಂದ 96 ಡಿಗ್ರಿ ಬಿಸಿ ಇರುವ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ, ಅಂದರೆ ಗಾಳಿ ನಮ್ಮ ಮೇಲೆ ಹಾಕುವ ಒತ್ತಡದ ಒಂಬತ್ತು ಪಟ್ಟು ಜೋರಾಗಿ, ಅದರೊಳಗೆ ನುಗ್ಗಿಸುತ್ತೆ. 25–30 ಸೆಕೆಂಡಿಗೆ ಮುಗೀತು. (ಪೆಟ್ಟಿಗೆ ಮೇಲೆ 15 ಬಾರ್, 19 ಬಾರ್ ಅಂತ ದೊಡ್ಡದಾಗಿ ಹಾಕಿರೋದು ಪಂಪಿನ ಗರಿಷ್ಠ ತಾಕತ್ತು. ಅದನ್ನು ನೋಡಿ ಮಷಿನ್ ಆರಿಸಬೇಡಿ.) ಇಟಲಿಯವರ ಎಸ್ಪ್ರೆಸೋ ಪದದಲ್ಲೂ ಒತ್ತಿ ಹೊರಗೆ ತೆಗೆದದ್ದು ಅನ್ನೋ ಅರ್ಥವೇ ಇದೆ. ನಮಗೆ ಇದಕ್ಕೆ ಸರಿಯಾದ ಕ್ರಿಯಾಪದ ಮೊದಲಿಂದಲೂ ಇದೆ: ಹಿಂಡು. ಇಳಿದದ್ದು ಡಿಕಾಕ್ಷನ್, ಹಿಂಡಿದ್ದು ಎಸ್ಪ್ರೆಸೋ. ಹಾಳೆಯಲ್ಲಿ ಹಾಗೇ ತಿದ್ದಿದೆ. ಅಮ್ಮನಿಗೆ ಆ ಒಂದೇ ಪದಕ್ಕೆ ಅರ್ಧ ಮಷಿನ್ ಅರ್ಥ ಆಯಿತು.

ಇಲ್ಲೊಂದು ಅಡ್ಡಮಾತು. ಡಿಕಾಕ್ಷನ್ ಅನ್ನೋ ಇಂಗ್ಲಿಷ್ ಪದದ ಮೂಲ ಅರ್ಥ ಕುದಿಸಿ ಬತ್ತಿಸಿದ್ದು, ಅಂದರೆ ಅಚ್ಚುಕಟ್ಟಾಗಿ ನಮ್ಮ ಕಷಾಯ. ಆದರೆ ಫಿಲ್ಟರಿನಲ್ಲಿ ನಾವು ಪುಡಿ ಕುದಿಸುವುದೇ ಇಲ್ಲ, ಕುದ್ದ ನೀರು ಹುಯ್ಯುತ್ತೇವೆ ಅಷ್ಟೆ. ನಮ್ಮಜ್ಜಿ ಊರಿನಲ್ಲಿ ಪಾತ್ರೆಗೆ ಪುಡಿ, ಬೆಲ್ಲ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಅದಕ್ಕೆ ಈ ಹೆಸರು ಸರಿಯಾಗಿ ಒಪ್ಪುತ್ತಿತ್ತು. ಫಿಲ್ಟರ್ ಬಂದ ಮೇಲೂ ಹೆಸರು ಹಾಗೇ ಉಳಿದುಕೊಂಡಿತು ಅಂತ ನನ್ನ ಊಹೆ.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ಹಿಂಡಿದ ಮೇಲೆ ಒಳಗೆ ಉಳಿಯುವ ಪುಡಿ ಇದೆಯಲ್ಲ, ಅದಕ್ಕೆ ಏನನ್ನಬೇಕು? ಈ ಮಷಿನ್‌ಗಳು ಒಂದೊಂದು ಲೋಟ ಆದಮೇಲೂ ಅದನ್ನು ಒಂದು ಡಬ್ಬಿಗೆ ತಳ್ಳುತ್ತವೆ. ಡಬ್ಬಿ ತುಂಬಿದರೆ ಖಾಲಿ ಮಾಡು ಅಂತ ಪರದೆ ಮೇಲೆ ಹಠ ಹಿಡಿಯುತ್ತವೆ, ಅಲ್ಲಿಯವರೆಗೆ ಕಾಫಿ ಕೊಡುವುದಿಲ್ಲ. ಹಾಗಾಗಿ ಹಾಳೆಯಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಬರುತ್ತೆ.

ಮೊದಲು "ಗಸಿ" ಅಂತ ಬರೆದೆ, ನಮ್ಮ ಮನೆಯಲ್ಲಿ ತಳದಲ್ಲಿ ನಿಲ್ಲೋದಕ್ಕೆ ಹಾಗೇ ಅಂತೀವಿ. ಆಫೀಸಿನಲ್ಲಿ ಉಡುಪಿ ಕಡೆಯ ಗೆಳೆಯನಿಗೆ ತೋರಿಸಿದರೆ "ಗಸಿ ಡಬ್ಬಿ ತುಂಬಿದ್ರೆ ಫೋನ್ ಮಾಡು ಮಾರಾಯ, ರೊಟ್ಟಿ ತಗೊಂಡು ಬರ್ತೇನೆ" ಅಂದ. ಕರಾವಳಿಯವರಿಗೆ ಗಸಿ ಅಂದರೆ ತೆಂಗಿನಕಾಯಿ ಅರೆದು ಹಾಕಿದ ದಪ್ಪ ಸಾರು, ಕೋರಿ ರೊಟ್ಟಿ ಜೊತೆಗೆ ಬಡಿಸುವಂಥದ್ದು. ಒಂದೇ ಪದ, ಘಟ್ಟದ ಮೇಲೆ ಎಸೆಯೋದಕ್ಕೆ, ಘಟ್ಟದ ಕೆಳಗೆ ಉಣ್ಣೋದಕ್ಕೆ.

ಆಮೇಲೆ "ಚರಟ". ಇದು ಬಹಳ ಜನಕ್ಕೆ ಗೊತ್ತಿರೋ ಪದ. ಟೀ ಚರಟ, ಕಾಫಿ ಚರಟ, ಎರಡನ್ನೂ ಅಮ್ಮ ಕರಿಬೇವಿನ ಕುಂಡಕ್ಕೆ ಸುರಿಯೋದು. ಆದರೆ ಚರಟ ಅಂದ ತಕ್ಷಣ ನನ್ನ ಕಣ್ಣಿಗೆ ಬರೋದು ಸೋಸುಕದಲ್ಲಿ ನಿಂತ ನೀರುನೀರಾದ ರಾಡಿ. ಮಷಿನ್‌ದು ಹಾಗಿರಲ್ಲ. ಡೆಮೊ ನೋಡೋಕೆ ಹೋಗಿದ್ದ ಅಂಗಡಿಯಲ್ಲಿ ಆ ಡಬ್ಬಿ ಎಳೆಸಿ ನೋಡಿದೆ. ಒಳಗೆ ಒಂದರ ಮೇಲೊಂದು ಕಪ್ಪು ಬಿಲ್ಲೆಗಳು ಬಿದ್ದಿದ್ದವು, ರಾಗಿ ಬಿಸ್ಕತ್ತಿನಷ್ಟು ಅಗಲ. ಒಂದನ್ನು ಕೈಗೆ ತಗೊಂಡೆ, ಇನ್ನೂ ಬೆಚ್ಚಗಿತ್ತು. ಬೆರಳಿಗೆ ನೀರು ಅಂಟಲಿಲ್ಲ. ಅದುಮಿದರೆ ಅಂಚು ಮೊದಲು ಮುರಿದು, ಆಮೇಲೆ ಇಡೀ ಬಿಲ್ಲೆ ಪುಡಿಪುಡಿಯಾಯಿತು. ಥಟ್ಟನೆ ನೆನಪಾಗಿದ್ದು ಕಡಲೆಕಾಯಿ ಹಿಂಡಿ! ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯೋದು ಹಿಂಡಿ, ಈ ಗಾಣದಲ್ಲಿ ಕಾಫಿ ತೆಗೆದ ಮೇಲೆ ಉಳಿಯೋದೂ ಹಿಂಡಿ. ಹಿಂಡು, ಹಿಂಡಿ, ಎರಡೂ ಜೊತೆಗೇ ಕೂರುತ್ತವೆ. ತಂಗಿಗಂತೂ ಎಷ್ಟು ಹಿಡಿಸಿತೆಂದರೆ ಮಷಿನ್‌ಗೆ "ಕಾಫಿಗಾಣ" ಅಂತಲೇ ಹೆಸರಿಟ್ಟಿದ್ದಾಳೆ.

ಹೆಗ್ಗಳಿಕೆ ಒಂದು ದಿನವೂ ಬಾಳಲಿಲ್ಲ. ಧಾರವಾಡದ ಅತ್ತಿಗೆ ಫೋನಿನಲ್ಲಿ "ಹಿಂಡಿ ಅಂದ್ರ ನಮ್ಮ ಕಡೆ ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ. ಕಾಫಿ ಹಿಂಡಿ ಅಂತ ಬರದ್ರ ಯಾರರೆ ರೊಟ್ಟಿಗೆ ಹಚ್ಚಿಕೊಂಡಾರು" ಅಂದರು. ಗಸಿ ಅಂದರೆ ಕರಾವಳಿಯವರು ತಟ್ಟೆ ಹಿಡ್ಕೊಂಡು ಬರ್ತಾರೆ, ಹಿಂಡಿ ಅಂದರೆ ಉತ್ತರದವರು. ಅತ್ತ ಚರಟಕ್ಕೆ ಯಾವ ಜಗಳವೂ ಇಲ್ಲ, ಆದರೆ ಆ ಒಣ ಬಿಲ್ಲೆ ಅದರಲ್ಲಿ ಕಾಣಲ್ಲ. ನಿಘಂಟು ತೆಗೆದು ನೋಡಬಹುದು. ನನಗೆ ಬೇಕಾಗಿರೋದು ನಿಮ್ಮ ನಿಮ್ಮ ಅಡುಗೆಮನೆಯಲ್ಲಿ ಈಗ ಬಾಯಲ್ಲಿರುವ ಪದ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟದ ಮನೆಯವರು ದಯವಿಟ್ಟು ಹೇಳಿ. ದೇಶದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬೆಳೆಯುವವರ ಹತ್ತಿರ ಇದಕ್ಕೊಂದು ಪದ ಇಲ್ಲದೆ ಇರುತ್ತಾ?

ಎರಡನೇ ತೊಡಕು "ಕ್ರೆಮಾ". ಎಸ್ಪ್ರೆಸೋ ಮೇಲೆ ನಿಲ್ಲುವ ಆ ಕಂದು ಪದರ. ಹುರಿದ ಬೀಜದೊಳಗೆ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡು ಒತ್ತಡಕ್ಕೆ ಕಾಫಿಯ ಜೊತೆ ಬೆರೆತು, ಹೊರಗೆ ಬಂದ ತಕ್ಷಣ ಸಣ್ಣಸಣ್ಣ ಗುಳ್ಳೆಯಾಗಿ ಮೇಲೇಳುತ್ತೆ. ಬೀಜ ಹುರಿದು ತಿಂಗಳುಗಟ್ಟಲೆ ಆಗಿದ್ದರೆ ಅದು ಸರಿಯಾಗಿ ಬರಲ್ಲ. 1901ರಲ್ಲಿ ಮಿಲಾನಿನ ಲುಯಿಜಿ ಬೆಝೇರಾ ಪೇಟೆಂಟ್ ಪಡೆದ ಹಬೆ ಮಷಿನ್ ಕಾಫಿಯಲ್ಲಿ ಇಂಥ ಪದರ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಊರಿನ ಅಕಿಲೆ ಗಾಜಿಯಾ ಸನ್ನೆಕೋಲಿನ ಮಷಿನ್ ತಂದು ಒತ್ತಡ ಜಾಸ್ತಿ ಮಾಡಿದಾಗ ಬಂತು. ಇಟಾಲಿಯನ್‌ನಲ್ಲಿ ಕ್ರೆಮಾ ಅಂದರೆ ಕೆನೆ. ಹಾಗಾಗಿ ನಾನೂ ಧೈರ್ಯವಾಗಿ "ಮೇಲೆ ಕೆನೆ ಬರುತ್ತದೆ" ಅಂತ ಬರೆದೆ.

ಅಮ್ಮ ಓದಿ, "ಹಾಗಾದರೆ ನಂಗೆ ಸೋಸಿ ಕೊಡು" ಅಂದರು.

ಕಾಫಿ ಲೋಟದಲ್ಲಿ ಕೆನೆ ತುಟಿಗೆ ಸಿಕ್ಕಿದರೆ ಮುಖ ಕಿವುಚೋ ಜನ ನಾವು. ನಮಗೆ ಬೇಕಾಗಿರೋದು ನೊರೆ, ಎತ್ತರದಿಂದ ಲೋಟಕ್ಕೂ ಬಟ್ಟಲಿಗೂ ಆಡಿಸಿದಾಗ ಏಳುವಂಥದ್ದು. ಆದರೆ ಕ್ರೆಮಾವನ್ನೂ ನೊರೆ ಅಂದುಬಿಟ್ಟರೆ ಹಾಲಿನ ನೊರೆಗೆ ಏನು ಹೇಳೋದು? ಎರಡೂ ಮಷಿನ್ ಎರಡನ್ನೂ ಮಾಡುತ್ತವೆ, ಒಂದೇ ಹಾಳೆಯಲ್ಲಿ ಎರಡೂ ಬರಬೇಕು. "ಕಾಫಿನೊರೆ, ಹಾಲುನೊರೆ" ಅಂತ ಸದ್ಯಕ್ಕೆ ಸುಧಾರಿಸಿದ್ದೇನೆ. ಹಳ್ಳಿ ಕಡೆ "ಬುರುಗು" ಅನ್ನೋದನ್ನೂ ಕೇಳಿದ್ದೇನೆ. ಕಾಫಿಗೆ ಬುರುಗು, ಹಾಲಿಗೆ ನೊರೆ ಅಂತ ಹಂಚಿದರೆ ಹೇಗೆ? ನನ್ನ ಕಿವಿಗೆ ಚೆನ್ನಾಗಿಯೇ ಕೇಳುತ್ತೆ, ಆದರೆ ಬಟ್ಟೆ ಸೋಪಿನ ನೆನಪಾಗುತ್ತೆ ಅಂತ ತಂಗಿಯ ತಕರಾರು.

ಇನ್ನು ಆಯ್ಕೆಯನ್ನು ನಿಜವಾಗಿ ಅಲ್ಲಾಡಿಸಿದ ಪದ. "ಕ್ಲೀನ್ ಮಾಡುವುದು" ಅಂತ ಸುಮ್ನೆ ಒಂದು ತಲೆಬರಹ ಹಾಕಿ ಎರಡೂ ಮಷಿನ್‌ಗೆ ಎರಡೆರಡು ಸಾಲು ಬರೆದಿದ್ದೆ. ಅಮ್ಮ ಪೆನ್ಸಿಲ್ ತಗೊಂಡು ಪಕ್ಕದಲ್ಲಿ ಬರೆದರು: "ತೊಳೆಯೋದಾ, ಗಲಬರಿಸೋದಾ, ಬೆಳಗೋದಾ?" ನೋಡಿ, ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿದರೆ ಗಲಬರಿಸಿದ ಹಾಗೆ. ಕೈ ಹಾಕಿ ನೀರು ಬಿಟ್ಟರೆ ತೊಳೆದ ಹಾಗೆ. ಪುಡಿ ಹಾಕಿ ಉಜ್ಜಿದರೆ ಬೆಳಗಿದ ಹಾಗೆ. ಕ್ಲೀನ್ ಅನ್ನೋ ಪದ ಈ ಮೂರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿತ್ತು, ಎರಡು ಮಷಿನ್‌ಗಳ ನಡುವಿನ ದೊಡ್ಡ ವ್ಯತ್ಯಾಸವೂ ಅದರೊಳಗೇ ಮುಚ್ಚಿಹೋಗಿತ್ತು.

ಡೆಲೋಂಗಿಯಲ್ಲಿ ಪುಡಿಯನ್ನು ಹಿಡಿದು ಒತ್ತುವ ಭಾಗ ಪೂರಾ ಈಚೆಗೆ ಬರುತ್ತೆ. ಮಷಿನ್ ಆಫ್ ಮಾಡಿ, ಪಕ್ಕದ ಬಾಗಿಲು ತೆಗೆದು, ಎರಡು ಗುಂಡಿ ಅದುಮಿ ಎಳೆದರೆ ಕೈಗೆ ಬರುತ್ತೆ. ನಲ್ಲಿ ಕೆಳಗೆ ಹಿಡಿದು ತೊಳೆಯಬಹುದು. ಸೋಪು ಮಾತ್ರ ಹಾಕಬಾರದು, ಒಳಗಿನ ಗ್ರೀಸು ಹೋಗುತ್ತೆ. ಅಂದರೆ ತೊಳೆಯೋದು ಉಂಟು, ಬೆಳಗೋದು ಇಲ್ಲ. ಜುರಾದಲ್ಲಿ ಆ ಭಾಗ ಒಳಗೇ ಕೂತಿರುತ್ತೆ, ಮನೆಯಲ್ಲಿ ತೆಗೆಯೋ ಹಾಗಿಲ್ಲ. ಮಷಿನ್ ಕೇಳಿದಾಗ ಒಂದು ಮಾತ್ರೆ ಹಾಕಬೇಕು, ಅದು ತನ್ನಷ್ಟಕ್ಕೆ ಒಳಗೆಲ್ಲ ಗಲಬರಿಸಿಕೊಳ್ಳುತ್ತೆ. ಕೈ ಮೈಲಿಗೆ ಆಗಲ್ಲ, ಮರೆತುಬಿಡೋ ಚಿಂತೆ ಇಲ್ಲ, ನನಗೆ ಇದೇ ಇಷ್ಟ. ಅಮ್ಮನ ಪ್ರಶ್ನೆ: "ಕೈ ಹಾಕಿ ತೊಳೆಯೋಕಾಗದ ಪಾತ್ರೇಲಿ ದಿನಾ ಕಾಫಿ ಮಾಡ್ಕೊಂಡು ಕುಡೀತಾರಾ?" ನನ್ನ ಹತ್ತಿರ ಉತ್ತರ ಇತ್ತು, ಆದರೆ ಹೇಳೋ ಧೈರ್ಯ ಆಗಲಿಲ್ಲ.

ಎರಡೂ ಮಷಿನ್ ಆನ್ ಮಾಡಿದಾಗೊಮ್ಮೆ, ಆಫ್ ಮಾಡಿದಾಗೊಮ್ಮೆ ಬಿಸಿನೀರು ಬಿಟ್ಟು ಕೊಳವೆ ತೊಳೆದುಕೊಳ್ಳುತ್ತವೆ. ಇದಕ್ಕೆ ನಾನು ಏನೋ ಉದ್ದಕ್ಕೆ ಬರೆದಿದ್ದೆ. ಅಂಗಡಿಯಲ್ಲಿ ಆ ಗೊಳಗೊಳ ಸದ್ದು ಕೇಳಿದ ಅಮ್ಮ ಹೇಳಿದ್ದು, "ಎದ್ದ ತಕ್ಷಣ ಬಾಯಿ ಮುಕ್ಕಳಿಸತ್ತೆ, ಮಲಗೋವಾಗಲೂ ಮುಕ್ಕಳಿಸತ್ತೆ. ಒಳ್ಳೆ ಅಭ್ಯಾಸ." ಹಾಳೆಯಲ್ಲಿ ಈಗ "ಮುಕ್ಕಳಿಸುವುದು" ಅಂತಲೇ ಇದೆ. ಅದಕ್ಕೆ ಬೇರೆ ಪದ ಯಾರೂ ಸೂಚಿಸಬೇಡಿ.

ಡಿಸ್ಕೇಲಿಂಗ್ ಇನ್ನೊಂದು, ಅಂದರೆ ನೀರಿನಿಂದ ಮಷಿನ್ ಒಳಗೆ ಕಟ್ಟುವ ಬಿಳಿ ಪದರ ಬಿಡಿಸೋದು. ಪಠ್ಯಪುಸ್ತಕದಲ್ಲಿ "ಗಡಸು ನೀರು" ಇದೆ, ಬೆಂಗಳೂರಿನಲ್ಲಿ ಯಾರೂ ಹಾಗನ್ನಲ್ಲ. ಕಾವೇರಿ ನೀರು ಸಿಹಿನೀರು, ಬೋರ್‌ವೆಲ್ ನೀರು ಉಪ್ಪುನೀರು. ಗೀಸರ್ ರಿಪೇರಿಗೆ ಬಂದವರೂ "ಕಾಯಿಲಿಗೆ ಉಪ್ಪು ಕಟ್ಟಿದೆ ಸಾರ್" ಅಂತಾರೆ. ನಿಜಕ್ಕೂ ಅದು ಅಡುಗೆ ಉಪ್ಪಲ್ಲ, ಸುಣ್ಣದ ಜಾತಿಯದು, ಹುಳಿ ಬಿದ್ದರೆ ಬಿಡುತ್ತೆ. ಆದರೂ "ಉಪ್ಪು ಬಿಡಿಸುವುದು" ಅಂದರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ಹಾಗೇ ಬಿಟ್ಟಿದ್ದೇನೆ. "ಸುಣ್ಣ ಬಿಡಿಸುವುದು" ಅಂತ ಬರೆದಿದ್ದರೆ ಗೋಡೆ ಕೆರೆಯೋದು ಅಂದುಕೊಳ್ಳುತ್ತಿದ್ದರು, ಅಲ್ವಾ?

ಹಾಲಿನ ವಿಷಯ ಜಾಸ್ತಿ ಬೆಳೆಸಲ್ಲ. ಡೆಲೋಂಗಿಗೆ ಹಾಲಿನ ಜಗ್ ಮಷಿನ್‌ಗೇ ಸಿಕ್ಕಿಸಬಹುದು, ಮಿಕ್ಕಿದ್ದನ್ನು ಜಗ್ ಸಮೇತ ಫ್ರಿಜ್ಜಿಗೆ ಇಡಬಹುದು. ಜುರಾ ಒಂದು ಕೊಳವೆಯಲ್ಲಿ ಹಾಲು ಹೀರಿಕೊಳ್ಳುತ್ತೆ, ಪಾತ್ರೆ ನಮ್ಮದೇ ಇಟ್ಟುಕೊಳ್ಳಬಹುದು. ಎರಡಕ್ಕೂ ತಣ್ಣನೆ ಹಾಲೇ ಬೇಕು, ಎರಡರ ಕಾಫಿಯೂ ನಮ್ಮ ಲೆಕ್ಕಕ್ಕೆ ಉಗುರುಬೆಚ್ಚಗೆ. ಅಮ್ಮ ಅದಕ್ಕೆ "ಹಸಿ ಹಾಲಿನ ಕಾಫಿ" ಅಂತ ಹೆಸರಿಟ್ಟಾಗಿದೆ. ಪ್ಯಾಕೆಟ್ ಹಾಲು ಪ್ಯಾಶ್ಚರೈಸ್ ಆಗಿಯೇ ಬರುತ್ತೆ ಅಂದೆ. ಉಕ್ಕದ ಹಾಲು ಹಸಿ ಹಾಲೇ ಅಂತ ತೀರ್ಪು ಬಂತು. ಚಿಕೋರಿ ಎಲ್ಲಿ ಹಾಕೋದು ಅಂತ ಇನ್ನೂ ಕೇಳಿಲ್ಲ. ಬೀಜದ ಡಬ್ಬಿಯಲ್ಲಿ ಅದಕ್ಕೆ ಜಾಗ ಇಲ್ಲ ಅಂತ ನಾನಾಗಿ ಬಾಯಿ ಬಿಡಲ್ಲ.

ಸದ್ಯಕ್ಕೆ ತಕ್ಕಡಿ ಡೆಲೋಂಗಿ ಕಡೆ ವಾಲಿದೆ, ಕಾರಣ "ತೊಳೆ" ಅನ್ನೋ ಒಂದೇ ಪದ. ಶನಿವಾರ ಹಾಳೆ ತಿದ್ದಿ ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಡಬೇಕು. ಅಷ್ಟರೊಳಗೆ ಆ ಡಬ್ಬಿಗೊಂದು ಹೆಸರು ಹೇಳಿ: ಗಸಿ ಡಬ್ಬಿ, ಚರಟದ ಡಬ್ಬಿ, ಹಿಂಡಿ ಡಬ್ಬಿ? ಉತ್ತರದ ಜೊತೆ ನಿಮ್ಮ ಊರು ಯಾವುದು ಅಂತಲೂ ಬರೆಯಿರಿ. ಬುರುಗಿನ ಬಗ್ಗೆ ನನ್ನ ಪಕ್ಷ ವಹಿಸುವವರು ಇದ್ದರೆ ಅದನ್ನೂ ಬರೆಯಿರಿ, ತಂಗಿಗೆ ತೋರಿಸಬೇಕು.