ಓದುಗರ ಸ್ಪಂದನ: ಮಗಳಿಗೆ 21 ತುಂಬುವ ಭಯ

ಕಳೆದ ಸಲ ಅಮೆರಿಕದ ಟೆಕ್ಸಾಸ್‌ನಿಂದ ಓದುಗರೊಬ್ಬರು ಬರೆದಿದ್ದರು: "ಯಜಮಾನರದ್ದು ಎಚ್-1ಬಿ, ಅಂದರೆ ಕೆಲಸದ ವೀಸಾ. ಗ್ರೀನ್ ಕಾರ್ಡಿಗೆ ಕಾಯುತ್ತಾ 12 ವರ್ಷವಾಯಿತು. ಮಗಳಿಗೆ 19. ಅವಳಿಗೆ 21 ತುಂಬಿದ ದಿನ, ಅಪ್ಪನ ವೀಸಾದ ಆಧಾರದ ಮೇಲೆ ಸಿಕ್ಕಿರುವ ಎಚ್-4 ವೀಸಾ ಮುಗಿಯುತ್ತದೆ. ಅವಳಿಗೆ ಇದನ್ನು ಹೇಳಿಲ್ಲ. ನನಗೆ ನಿದ್ದೆಯಿಲ್ಲ, ಅವಳೂ ಮಾತು ಕಡಿಮೆ ಮಾಡಿದ್ದಾಳೆ. ಏನು ಮಾಡಲಿ?"

ಅಕ್ಕಾ, ನಿಮ್ಮ ಮಗಳಿಗೆ ಎಲ್ಲ ಗೊತ್ತಿರುತ್ತದೆ. ನೀವು ಹೇಳಿಲ್ಲ, ಅಷ್ಟೇ. ನಮ್ಮ ಮಗ ಹೈಸ್ಕೂಲಿನಲ್ಲೇ ಹುಡುಕಿ ಓದಿಕೊಂಡಿದ್ದ. ನಮಗೆ ನೋವಾಗಬಾರದು ಅಂತ ಅವನು, ಅವನಿಗೆ ನೋವಾಗಬಾರದು ಅಂತ ನಾವು. ಎರಡು ವರ್ಷ ಒಂದೇ ಮನೆಯಲ್ಲಿ ನಾಟಕ ನಡೆಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವನೇ ಕೇಳಿದ, "ಅಮ್ಮಾ, ನನ್ನೊಬ್ಬನನ್ನೇ ಕಳಿಸಿಬಿಡ್ತಾರಾ?" ಅವತ್ತು ಮೂವರೂ ಅತ್ತೆವು. ಮಾರನೇ ದಿನದಿಂದ ಅವನು ಸ್ವಲ್ಪ ನಿದ್ದೆ ಮಾಡಿದ.

21 ತುಂಬುವ ಮುಂಚೆಯೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿದೆವು. ಎಲ್ಲ ಫಾರಂ ಅವನೇ ತುಂಬಿದ. ವಕೀಲರ ಹತ್ತಿರ ಒಂದು ವಿಷಯ ತಪ್ಪದೆ ಕೇಳಿ. 2002ರ ಕಾನೂನಿನ ಪ್ರಕಾರ, ಗ್ರೀನ್ ಕಾರ್ಡಿಗೆ ಮಗುವಿನ ವಯಸ್ಸು ಲೆಕ್ಕ ಹಾಕುವಾಗ, ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಲು ಹಿಡಿದ ದಿನಗಳನ್ನು ಆ ವಯಸ್ಸಿನಿಂದ ಕಳೆಯುತ್ತಾರೆ. ಕೆಲವರಿಗೆ ಅದರಿಂದ ಒಂದಷ್ಟು ತಿಂಗಳು ಸಿಗುತ್ತದೆ. ನಾವು ಜಾಸ್ತಿ ದುಡ್ಡು ಕಟ್ಟಿ ಪ್ರೀಮಿಯಂನಲ್ಲಿ ಬೇಗ ಮಂಜೂರು ಮಾಡಿಸಿಕೊಂಡಿದ್ದೆವು. ಕಳೆಯಲು ಹೆಚ್ಚು ದಿನಗಳೇ ಉಳಿಯಲಿಲ್ಲ, ಬೇಗ ಆಗಿದ್ದೇ ಮುಳುವಾಯಿತು ನೋಡಿ!
– ಒಬ್ಬ ತಾಯಿ, ನ್ಯೂಜೆರ್ಸಿ

ಯಜಮಾನರನ್ನೂ ಸ್ವಲ್ಪ ಗಮನಿಸಿ ತಂಗಿ. ನನ್ನ ಕೆಲಸ ಹೋದಾಗ, ವೀಸಾ ಉಳಿಯಬೇಕಾದರೆ ಬೇರೆ ಕಂಪನಿ ಹುಡುಕಿಕೊಳ್ಳಲು ಇದ್ದದ್ದು 60 ದಿನ. ಅದರಲ್ಲಿ 18 ದಿನ ಮನೆಯಲ್ಲಿ ಬಾಯಿ ಬಿಡದೆ, ಲ್ಯಾಪ್‌ಟಾಪ್ ಹಿಡಿದು ಲೈಬ್ರರಿಯಲ್ಲಿ ಕೂತು ಬರುತ್ತಿದ್ದೆ. ಎದೆನೋವು ಅಂತ ಆಸ್ಪತ್ರೆಗೆ ಹೋದರೆ ಹೃದಯ ಸರಿಯಾಗೇ ಇತ್ತು. ಪ್ಯಾನಿಕ್ ಅಟ್ಯಾಕ್ ಅಂದರು. ಕೌನ್ಸೆಲರ್ ಹತ್ತಿರ ಹೋದರೆ ಗ್ರೀನ್ ಕಾರ್ಡಿಗೆ ತೊಂದರೆ ಅಂತ ಹೆದರಿ ಸುಮ್ನೆ ಆರು ತಿಂಗಳು ತಳ್ಳಿದೆ. ಗ್ರೀನ್ ಕಾರ್ಡಿನ ವೈದ್ಯಕೀಯ ಪರೀಕ್ಷೆಯಲ್ಲಿ ನೋಡುವುದು, ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರುವ ನಡವಳಿಕೆ ಇದೆಯಾ ಅಂತ. ಆತಂಕಕ್ಕೆ ಕೌನ್ಸೆಲಿಂಗ್ ತೆಗೆದುಕೊಂಡರು ಅನ್ನುವ ಒಂದೇ ಕಾರಣಕ್ಕೆ ಕಾರ್ಡ್ ತಡೆಯುವುದಿಲ್ಲ. ತೀರಾ ಕಷ್ಟವಾದ ರಾತ್ರಿ ಅಲ್ಲಿನ ಮಾನಸಿಕ ಸಂಕಟದ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಇನ್ನೊಂದು, ಗ್ರೀನ್ ಕಾರ್ಡಿನ ಸರದಿ ಎಲ್ಲಿಗೆ ಬಂತು ಅಂತ ಹೇಳುವ ವೀಸಾ ಬುಲೆಟಿನ್ ಬರುವುದು ತಿಂಗಳಿಗೊಮ್ಮೆ. ದಿನಾ ನೋಡಿದರೆ ಅದು ಮುಂದೆ ಹೋಗಲ್ಲ.
– ಒಬ್ಬ ತಂದೆ, ಕ್ಯಾಲಿಫೋರ್ನಿಯಾ

"ವಾಪಸ್ ಬಂದ್ಬಿಡಿ" ಅನ್ನುವವರು ಇದ್ದೇ ಇರುತ್ತಾರೆ. ನಾವು ಹಾಗೆ ಬಂದವರೇ. ಆದರೆ ನಮ್ಮ ಮಗಳಿಗೆ ಆಗ 11. ನಿಮ್ಮ ಮಗಳಿಗೆ 19, ಅವಳ ಗೆಳತಿಯರೆಲ್ಲ ಅಲ್ಲೇ ಅಲ್ವಾ? ವರ್ಷಕ್ಕೆ ಕೊಡುವ ಇಂಥ ಗ್ರೀನ್ ಕಾರ್ಡುಗಳಲ್ಲಿ ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಶೇ 7ರ ಮಿತಿ ಇಟ್ಟ ಕಾನೂನು ಅದು. ನೀವು ಯಾವ ತಪ್ಪೂ ಮಾಡಿಲ್ಲ. ಏನು ತೀರ್ಮಾನ ಮಾಡಿದರೂ ಅವಳನ್ನು ಕೂರಿಸಿಕೊಂಡು ಮಾಡಿ. ನಾವು ನಮ್ಮ ಮಗಳನ್ನು ಕೇಳಿರಲಿಲ್ಲ. ಈಗಲೂ ಅದನ್ನೇ ಎತ್ತಿ ಆಡುತ್ತಾಳೆ.
– ವಾಪಸ್ ಬಂದವಳು, ಮೈಸೂರು