ಹಾಲೂಡಿಕೆಯಲ್ಲಿ ವಿಇಜಿಎಫ್‌-ಎ ಇಳಿದರೆ ರಕ್ತನಾಳವೂ ಕಡಿಮೆ ಅಂತಲೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ): ಸರ್, ಮಕಾಕ್ ಕೋತಿಗಳ ಸ್ತನದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ದತ್ತಾಂಶ ಸಾರ್ವಜನಿಕ ಭಂಡಾರದಿಂದ ಇಳಿಸಿಕೊಂಡಿದ್ದೇನೆ. ಎಳೆಯದು, ಪ್ರಾಯದ್ದು, ಗಬ್ಬದ್ದು, ಹಾಲೂಡುವುದು, ಮುಟ್ಟು ನಿಂತದ್ದು ಎಲ್ಲ ಇವೆ. ರಕ್ತನಾಳ ಚಿಗುರಿಸುವ ಪ್ರೋಟೀನಾದ ವಿಇಜಿಎಫ್‌-ಎ ಹಾಲೂಡಿಕೆಯಲ್ಲಿ ಕುಸಿದಿದೆ. ನಾಳಗಳೇ ಕಡಿಮೆಯಾಗಿವೆ ಎಂದು ಬರೆಯಬಹುದೇ?

ಉತ್ತರ (ಅಣುಜೀವವಿಜ್ಞಾನ ಪ್ರಾಧ್ಯಾಪಕ, ಶಿವಮೊಗ್ಗ): ಬರೆಯಬೇಡಮ್ಮ. ಹಾಲಿಳಿದಾಗ ಕೇಸಿನ್, ಆಲ್ಫಾ-ಲ್ಯಾಕ್ಟಾಲ್ಬುಮಿನ್ ಜೀನ್‌ಗಳ ಆರ್‌ಎನ್‌ಎ ಪ್ರವಾಹದಂತೆ ಬರುತ್ತದೆ. ಟಿಪಿಎಂ ಎನ್ನುವುದು ಒಟ್ಟು ಆರ್‌ಎನ್‌ಎಯ ಹತ್ತು ಲಕ್ಷ ಪ್ರತಿಗಳಲ್ಲಿ ಒಂದು ಜೀನಿನದು ಎಷ್ಟು ಪಾಲು ಎಂಬ ಲೆಕ್ಕ. ಹಾಲಿನ ಜೀನ್‌ಗಳೇ ದೊಡ್ಡ ಪಾಲು ನುಂಗಿದರೆ ಉಳಿದ ಜೀನ್‌ಗಳೆಲ್ಲ ಇಳಿದಂತೆಯೇ ತೋರುತ್ತವೆ. ಮೊದಲು ಅವನ್ನು ಪಟ್ಟಿಯಿಂದ ತೆಗೆದು ಟಿಪಿಎಂ ಮತ್ತೆ ಲೆಕ್ಕ ಹಾಕಿ.

ಆಮೇಲೆ ಅಂಗಾಂಶದ ಮಿಶ್ರಣ ನೋಡಿ. ಹಾಲಿಲ್ಲದ ಸ್ತನದಲ್ಲಿ ಕೊಬ್ಬು, ನಾರು ಹೆಚ್ಚು. ಹಾಲೂಡುವಾಗ ಹಾಲುಕೋಶಗಳೇ ತುಂಬಿರುತ್ತವೆ. ವಿಇಜಿಎಫ್‌-ಎಯನ್ನು ಮುಖ್ಯವಾಗಿ ಆ ಕೋಶಗಳೂ ಸುತ್ತಲಿನ ಅಂಗಾಂಶವೂ ಸ್ರವಿಸುತ್ತವೆ, ಅದರ ಗ್ರಾಹಕ ಕೆಡಿಆರ್ ಇರುವುದು ರಕ್ತನಾಳದ ಒಳಪದರದಲ್ಲಿ. ಆದ್ದರಿಂದ ಕೆಡಿಆರನ್ನು ಒಳಪದರದ ಗುರುತಾದ ಪಿಇಸಿಎಎಂ1, ಸಿಡಿಎಚ್5 ಜೊತೆ ಹೋಲಿಸಿ. ಮೂರೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಒಳಪದರದ ಪಾಲು ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಕೆಡಿಆರ್ ಒಂದೇ ಇಳಿದಿದ್ದರೆ ಆಗ ಮಾತಾಡೋಣ.

ಹಾಲುಗೂಡುಗಳ ಸುತ್ತಲಿನ ಲೋಮನಾಳದ ಬಲೆ ಗಬ್ಬದಲ್ಲೇ ಹೆಣೆದುಕೊಳ್ಳುತ್ತದೆ. ಹಾಲೂಡುವಾಗ ಅದನ್ನು ಕಾಯ್ದುಕೊಳ್ಳುವ ಕೆಲಸ ಮುಖ್ಯ. ನಾಳದ ಮೇಲೆ ಕೆಲಸ ಮಾಡುವ ಇನ್ನೊಂದು ಪ್ರೋಟೀನಾದ ಆಂಜಿಯೋಪೊಯೆಟಿನ್-2 ಏರಿದ್ದನ್ನು ಕಂಡು ಬೆಳವಣಿಗೆ ಎನ್ನಬೇಡಿ: ವಿಇಜಿಎಫ್‌ ಜೊತೆಗಿದ್ದರೆ ನಾಳ ಚಿಗುರುತ್ತದೆ, ಇಲ್ಲದಿದ್ದರೆ ಕರಗುತ್ತದೆ. ಕೊನೆಯ ತೀರ್ಪು ಸಿಡಿ31 (ಪಿಇಸಿಎಎಂ1 ಪ್ರೋಟೀನಿನ ಇನ್ನೊಂದು ಹೆಸರು) ಬಣ್ಣ ಹಾಕಿದ ಸ್ಲೈಡಿನದ್ದೇ.

ಮರುಪ್ರಶ್ನೆ: ಒಂದೊಂದು ಜೀನಿನ ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್‌ಗೆ ಹೋಲಿಕೆಗೆ ಜಿಎಪಿಡಿಎಚ್ ಜೀನಿನ ಆಧಾರ ಸಾಕೇ ಸರ್?

ಉತ್ತರ: ಸಾಲದು. ಆಮ್ಲಜನಕ ಕಡಿಮೆಯಾದರೆ ವಿಇಜಿಎಫ್‌ ಏರುವಂತೆ ಅದೂ ಏರುತ್ತದೆ, ವ್ಯತ್ಯಾಸ ಮುಚ್ಚಿಹೋಗುತ್ತದೆ. ಸ್ಥಿರತೆ ಪರೀಕ್ಷಿಸಿದ ಮೂರು ಜೀನ್ ಇಟ್ಟುಕೊಳ್ಳಿ. ವಿಇಜಿಎಫ್‌-ಎ ಪ್ರೈಮರ್ (ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) 3–4ನೇ ಎಕ್ಸಾನ್ (ಜೀನಿನ ಸಂಕೇತ ಭಾಗ) ಸಂಧಿಯ ಮೇಲಿರಲಿ. ಆಗ ಆ ಪ್ರೋಟೀನಿನ 121, 165, 189 ರೂಪಗಳೆಲ್ಲ ಸಿಗುತ್ತವೆ. ಮನುಷ್ಯರ ಪ್ರೈಮರನ್ನು ಮಕಾಕ್ ಅನುಕ್ರಮದ ಜೊತೆ ತಾಳೆ ನೋಡಿಯೇ ಬಳಸಿ, 3' ತುದಿಯಲ್ಲಿ ಒಂದಕ್ಷರ ತಪ್ಪಿದರೂ ಫಲಿತಾಂಶ ಕೆಡುತ್ತದೆ. ಪ್ರೈಮರಿನ ದಕ್ಷತೆ 90–110 ಶೇಕಡಾ ಇರಲಿ. ಅಂಗಾಂಶ ಅರ್ಧ ಸೆಂ.ಮೀ.ಗಿಂತ ದಪ್ಪ ಬೇಡ, ಸಂರಕ್ಷಕ ದ್ರವ ಒಳಗೆ ಇಳಿಯುವುದಿಲ್ಲ. ಆರ್‌ಎನ್‌ಎ ಬೇರ್ಪಡಿಸುವ ಟ್ರೈಜಾಲ್‌ನಲ್ಲಿ ಅರೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಮೇಲೆ ತೇಲುವ ಕೊಬ್ಬನ್ನು ತೆಗೆದೇ ಕ್ಲೋರೋಫಾರ್ಮ್ ಹಾಕಿ. ಹೆಣ್ಣು ಋತುಚಕ್ರದ ಯಾವ ಹಂತದಲ್ಲಿತ್ತು ಎಂಬುದು ದಾಖಲಾಗಿರಲೇಬೇಕು.

ಇನ್ನೊಬ್ಬರು (ತೀರ್ಥಹಳ್ಳಿ): ನಮ್ಮ ಕಾಡಲ್ಲಿ ಸತ್ತು ಬಿದ್ದ ಮಂಗಗಳಿಂದ ಅಂಗಾಂಶ ತೆಗೆಯಬಹುದಲ್ಲ?

ಉತ್ತರ (ಪಶುವೈದ್ಯೆ, ಸಾಗರ): ದಯವಿಟ್ಟು ಮುಟ್ಟಲೇಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಈ ಸೀಮೆಯಲ್ಲಿ ಇಂದಿಗೂ ಇದೆ. ಮಂಗ ಸತ್ತ ಮೇಲೆ ಸೋಂಕಿನ ಉಣುಗುಗಳು ಹೆಣ ಬಿಟ್ಟು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಕ್ಷಣ ತಿಳಿಸಿ. ಎಷ್ಟು ಹೊತ್ತಿನ ಹಿಂದೆ ಸತ್ತಿತೋ ಗೊತ್ತಿಲ್ಲದ ಹೆಣದ ಆರ್‌ಎನ್‌ಎ ನಂಬುವಂಥದ್ದೂ ಅಲ್ಲ. ನೈತಿಕ ಸಮಿತಿಯ ಒಪ್ಪಿಗೆಯಿರುವ ಪ್ರೈಮೇಟ್ ಕೇಂದ್ರಗಳು ಕಾಪಿಟ್ಟ ಅಂಗಾಂಶಕ್ಕೆ ಅರ್ಜಿ ಹಾಕಿ.